ಪಟ್ಟಿ ಸುತ್ತಿದ ಕೊಳವೆ

ಎಫ್ರಾಯಿನ್ ಕೊಯಾಸೊನಿಗೆ ಕಾಫಿ ಹೇಸಿಗೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಆರಕ್ಕೆ ಹೆಂಡತಿ ಪ್ರೊವಿ ಬಟ್ಟೆಯ ಚೀಲದಲ್ಲಿ ಕಾಫಿ ಸೋಸತೊಡಗಿದಳೆಂದರೆ ಅವನು ಎದ್ದು ಅಂಗಳದ ಬೇಲಿಯವರೆಗೆ ಹೋಗಿ ನಿಂತುಬಿಡುತ್ತಿದ್ದ. ಐವತ್ತು ವರ್ಷ ತನ್ನನ್ನು ಹಾಸಿಗೆಯಿಂದ ಎಬ್ಬಿಸಿದ ಆ ಪರಿಮಳ ಈಗ, ಸುಟ್ಟ ರಬ್ಬರಿನ ಮೇಲೆ ಹಳಸಿದ ಪೆಟ್ರೋಲ್ ಸುರಿದಂತೆ ಮೂಗಿಗೆ ಬಡಿಯುತ್ತಿತ್ತು. ಬೆಳ್ಳುಳ್ಳಿ ಒಗ್ಗರಿಸಿದರೆ ಅದೇ ನಾತ. ಹೊಸದಾಗಿ ಒಗೆದ ಅಂಗಿಗೂ ಅದೇ ನಾತ. ಊರಿಗೆಲ್ಲ ಬಂದ ಆ ಜ್ವರ ಅವನಿಗೂ ಬಂದು ಹೋದ ಮೇಲೆ ಎರಡು ತಿಂಗಳು ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ವಾಸನೆ ಮರಳಿ ಬಂತು; ಆದರೆ ಸುಳ್ಳು ಹೇಳುವುದನ್ನು ಕಲಿತುಕೊಂಡು ಬಂತು.

ಬೇರೆ ಕಸುಬಿನವನಾಗಿದ್ದರೆ ಇದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಎಫ್ರಾಯಿನನು ನಲವತ್ತು ವರ್ಷ ಬದುಕಿದ್ದೇ ಮೂಗಿನ ಮೇಲೆ. ಹಳೆಯ ಪುಟ್ಟ ಟೊಯೊಟಾಗಳಿಗೆ, ಹೊಗೆಯ ಬಲದಿಂದಲೇ ಇಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಕೂರಿಸಿ, ಭಾನುವಾರ ಸಲೀನಾಸಿನ ಕಾರ್ ರೇಸಿನ ಟ್ರ್ಯಾಕಿನಲ್ಲಿ ಕಾಲು ಮೈಲಿ ಓಡಿಸಿ, ಉಳಿದ ಆರು ದಿನ ಅದನ್ನೇ ರಿಪೇರಿ ಮಾಡುತ್ತ ಕೂರುವ ಜನ ಅವನ ಊರು ಗುರಾಬೊದಲ್ಲಿ ಬೀದಿಗೆ ಹತ್ತು ಮಂದಿ. ಅವರೆಲ್ಲರೂ ಕಾರನ್ನು ಮೊದಲು ತರುತ್ತಿದ್ದುದು ಎಫ್ರಾಯಿನನ ಮಾವಿನ ಮರದಡಿಗೆ. ಅವನು ಸೈಲೆನ್ಸರಿನ ಬಾಯಿಗೆ ಬಗ್ಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು, ಪೆಟ್ರೋಲ್ ಹೆಚ್ಚೋ ಗಾಳಿ ಹೆಚ್ಚೋ ಹೇಳಿಬಿಡುತ್ತಿದ್ದ. ಒಮ್ಮೆ ಶವಯಾತ್ರೆಯಲ್ಲಿ ಮುಂದಿನ ಕಾರಿನ ಹೊಗೆ ಕುಡಿಯುತ್ತ ಹೋಗಿ, ಮಣ್ಣಾದ ಮೇಲೆ ಸತ್ತವರ ಮಗನ ಭುಜ ಹಿಡಿದು ಸಮಾಧಾನ ಹೇಳಿ, ಅದೇ ಉಸಿರಿನಲ್ಲಿ, ನಿನ್ನ ಒಂದು ಇಂಜೆಕ್ಟರ್ ಸೋರುತ್ತಿದೆ ಎಂದನಂತೆ. ಮಗನು ಬೇಸರಪಡಲಿಲ್ಲ. ಒಂಬತ್ತು ದಿನದ ಪ್ರಾರ್ಥನೆ ಮುಗಿಸಿ, ಬಿಚ್ಚಿ ನೋಡಿದ; ಸೋರುತ್ತಿತ್ತು.

ಮೂಗು ಕೆಟ್ಟ ಸಂಗತಿಯನ್ನು ಎಫ್ರಾಯಿನನು ಯಾರಿಗೂ ಹೇಳಿರಲಿಲ್ಲ. ಪ್ರೊವಿಗೆ ಗೊತ್ತಿತ್ತು, ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಕಾರು ಬಂದರೆ ಅವನು ಎಂದಿನಂತೆ ಬಗ್ಗುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಅದೇ ನಾತ, ಎಲ್ಲ ಕಾರಿನಿಂದಲೂ. ಆಮೇಲೆ ಎದ್ದು ನಿಂತು, ಕಣ್ಣಿನಿಂದ ಕಂಡದ್ದನ್ನೂ ಕಿವಿಯಿಂದ ಕೇಳಿದ್ದನ್ನೂ ಮೂಗಿನ ಹೆಸರಿನಲ್ಲಿ ಹೇಳುತ್ತಿದ್ದ. ಈವರೆಗೆ ಸಿಕ್ಕಿಬಿದ್ದಿರಲಿಲ್ಲ. ಆದರೆ ಆ ನಾಟಕವನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ವಾಕರಿಕೆ ಬರುತ್ತಿತ್ತು.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ಬೇತೊ ತನ್ನ ಬಿಳಿಯ ಟೊಯೊಟಾ ಸ್ಟಾರ್ಲೆಟ್ ತಂದು ಮರದಡಿ ನಿಲ್ಲಿಸಿದ. ಶಾಲೆಯ ಬಸ್ಸು ಓಡಿಸುವ ಬೇತೊ, ಎಫ್ರಾಯಿನನ ಬಾಲ್ಯದ ಗೆಳೆಯ. ನದಿಗೆ ಜಿಗಿಯುವಾಗ, ಬೇರೆಯವರ ಹಿತ್ತಿಲಿನ ಹಣ್ಣು ಕದಿಯುವಾಗ ಒಬ್ಬರಿಗೊಬ್ಬರು ಬೈದುಕೊಂಡು ಬೆಳೆದವರು. ಆದರೆ ಬೇತೊನ ಮಗಳಿಗೆ ಎಫ್ರಾಯಿನನು ಜ್ಞಾನಸ್ನಾನದ ತಂದೆಯಾಗಿ ನಿಂತ ದಿನದಿಂದ ಇಬ್ಬರೂ ಕೊಂಪಾಯ್‌ಗಳಾದರು. ಅಲ್ಲಿಂದ ಮುಂದೆ ಬಹುವಚನ. ಅಲ್ಲಿಂದ ಮುಂದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಸರಿಡುವಂತಿಲ್ಲ. ಬೀಗತನಕ್ಕಿಂತ ಬಿಗಿಯಾದ ನಂಟು ಅದು.

ಕಾರಿನ ಸ್ಥಿತಿ ನೋಡಿದರೆ ಮೂಗಿಲ್ಲದವನಿಗೂ ಮುಖ ಕಿವುಚುವಂತಿತ್ತು. ಹಿಂದಿನ ಬಂಪರು ಬಾಣಲೆಯ ತಳದಂತೆ ಕಪ್ಪಾಗಿತ್ತು. ಸೈಲೆನ್ಸರಿನ ಬಾಯಲ್ಲಿ ಮೆತ್ತನೆಯ ಮಸಿ, ಬೆರಳಿಟ್ಟರೆ ಜಿಡ್ಡಾಗಿ ಅಂಟುವಂಥದು. ಇಂಜಿನ್ನು ಒಂದು ಗತಿಯಲ್ಲಿ ನಿಲ್ಲದೆ, ಅಜೀರ್ಣವಾದ ಮಗುವಿನಂತೆ ನರಳುತ್ತ, ನಡುನಡುವೆ ಕಪ್ಪನೆಯ ಹೊಗೆ ಕಕ್ಕುತ್ತಿತ್ತು.

“ಸಿಗ್ನಲ್‌ನಲ್ಲಿ ನಿಂತ್ರೆ ಕೆಮ್ಮಿ ಕೆಮ್ಮಿ ಆಫ್ ಆಗುತ್ತೆ ಕೊಂಪಾಯ್,” ಎಂದ ಬೇತೊ. “ಮನೆಯವಳು ಈ ಕಾರಲ್ಲಿ ಚರ್ಚಿಗೆ ಬರಲ್ಲ ಅಂದ್ಬಿಟ್ಳು. ಹಾಡೋಕೆ ನಿಂತ್ರೆ, ಬಟ್ಟೆಯೆಲ್ಲ ಹೊಗೆ ನಾತ ಅಂತ ಪಕ್ಕದವರು ಜಾಗ ಬದಲಾಯಿಸ್ತಾರಂತೆ.”

ನಾಳೆ ಭಾನುವಾರ. ಬೇತೊ ಸಲೀನಾಸಿನ ಓಟಕ್ಕೆ ಹೆಸರು ಕೊಟ್ಟಾಗಿತ್ತು. ಅದಕ್ಕೇ ಸುಲೈಕಾಳನ್ನೂ ಬರಹೇಳಿದ್ದ. ಸುಲೈಕಾ ಎಫ್ರಾಯಿನನ ಅಕ್ಕನ ಮಗಳು. ಮೂವತ್ತೆರಡರ ಹೆಂಗಸು, ಲ್ಯಾಪ್‌ಟಾಪ್ ಹಿಡಿದು ಕಾರುಗಳ ಕಂಪ್ಯೂಟರ್ ಹದ ಮಾಡುವುದು ಅವಳ ಕಸುಬು. ಸ್ಟಾರ್ಲೆಟ್ಟಿನ ಕಂಪ್ಯೂಟರನ್ನು ಹೊಂದಿಸಿದ್ದವಳೂ ಅವಳೇ. ಬಂದವಳು ಮಾವನ ಕೆನ್ನೆಗೆ ಮುತ್ತಿಟ್ಟು, ಆಶೀರ್ವಾದ ಕೇಳಿ, ತಂತಿ ಸಿಕ್ಕಿಸಿ, ಬಾಗಿಲು ತೆರೆದ ಕಾರಿನಲ್ಲಿ ಕುಳಿತಳು.

ಎಫ್ರಾಯಿನನು ಹಿಂದೆ ಹೋಗಿ ಬಗ್ಗಿದ. ಕಣ್ಣು ಮುಚ್ಚಿದ. ಮೂಗಿನೊಳಗೆ ಯಾರೋ ಸತ್ತ ಇಲಿ ತುರುಕಿದಂತಾಯಿತು. ಎದ್ದು, ಉಗುಳು ನುಂಗಿ, ಪೆಟ್ರೋಲ್ ವಿಪರೀತ ಬೀಳುತ್ತಿದೆ, ಕಡಿಮೆ ಮಾಡು ಎಂದು ಹೇಳಿದ.

ಸುಲೈಕಾ ಪರದೆಯಿಂದ ತಲೆ ಎತ್ತಲಿಲ್ಲ. ತನಗೆ ಕಾಣುತ್ತಿರುವುದು ಅದಕ್ಕೆ ತದ್ವಿರುದ್ಧ ಎಂದಳು. ಹೊಗೆಯಲ್ಲಿ ಗಾಳಿ ಎಷ್ಟು ಉಳಿದಿದೆಯೆಂದು ಅಳೆಯುವ ಸೆನ್ಸರು ಗಾಳಿ ಹೆಚ್ಚು, ಪೆಟ್ರೋಲ್ ಸಾಲದು ಎನ್ನುತ್ತಿತ್ತು. ಅದರ ಮಾತು ಕೇಳಿ ಕಂಪ್ಯೂಟರು ಆಗಲೇ ನೂರಕ್ಕೆ ಇಪ್ಪತ್ತೈದು ಪಾಲು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಅದಕ್ಕೆ ಕೊಟ್ಟ ಮಿತಿ ಅಷ್ಟೇ. ಮಿತಿಯನ್ನು ಇನ್ನಷ್ಟು ಸಡಿಲಿಸಬೇಕು ಎನ್ನುವುದು ಅವಳ ಲೆಕ್ಕ.

“ಸಡಿಲಿಸು,” ಎಂದ ಎಫ್ರಾಯಿನ್. “ಆಮೇಲೆ ಬಕೆಟ್ ತಗೊಂಡ್ ಬಾ, ಇಂಜಿನ್ ಅದ್ರಲ್ಲಿ ಹಾಕ್ಕೊಂಡ್ ಹೋಗೋಣ.”

“ನೀವು ಹೇಳ್ದಂಗೆ ಕಮ್ಮಿ ಮಾಡಿ, ನಾಳೆ ಟರ್ಬೊ ಒತ್ತಡದಲ್ಲಿ ಪಿಸ್ಟನ್ ಕರಗಿದ್ರೆ? ಅದನ್ನ ಯಾವ ಬಕೆಟ್‌ಗೆ ಹಾಕ್ತೀರಾ ಮಾಮ?”

ಇಬ್ಬರ ಮಾತಿನಲ್ಲೂ ಹುರುಳಿತ್ತು. ಪೆಟ್ರೋಲ್ ಅತಿಯಾದರೆ ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ, ಲೋಹಕ್ಕೆ ಲೋಹ ಉಜ್ಜಿ ಇಂಜಿನ್ ಸಾಯುತ್ತದೆ. ಕಡಿಮೆಯಾದರೆ ಸುಟ್ಟು ಸಾಯುತ್ತದೆ. ಯಾವ ಸಾವು ಎಂಬುದನ್ನು ಬೇತೊ ಆರಿಸಬೇಕಿತ್ತು. ಅವನು ಹಿಂದುಮುಂದು ನೋಡದೆ ಎಫ್ರಾಯಿನನ ಕಡೆ ತಿರುಗಿ, ಕೊಂಪಾಯ್ ಮೂಗು ಹೇಳಿದ ಮೇಲೆ ಮುಗಿಯಿತು ಎಂದ.

ಆಗ ಸುಲೈಕಾ ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನೋವು ತಂದಿತು.

“ಮಾಮ, ಕ್ರಿಸ್‌ಮಸ್‌ನಲ್ಲಿ ಅಮ್ಮನ ಮನೇಲಿ ಹಂದಿ ಸುಡ್ತಿದ್ದಾಗ ನೀವು ಎದ್ದು ಹಿತ್ಲಿಗೆ ಹೋಗಿ ವಾಂತಿ ಮಾಡ್ಕೊಂಡ್ರಿ. ನಾನು ನೋಡ್ದೆ. ಒಂದು ವರ್ಷದಿಂದ ನೀವು ಕಾಫಿ ಮುಟ್ಟಿಲ್ಲ. ನಿಮ್ಮ ಮೂಗಿಗೆ ಏನಾಗಿದೆ ಅಂತ ನೀವೇ ಹೇಳಿ. ಇಂಜಿನ್ ಬೇತೊ ಅಂಕಲ್‌ದು.”

ಬೇತೊ ನೆಲ ನೋಡಿದ. ಮಾವಿನ ಮರದಿಂದ ಒಂದು ಮಿಡಿ ತಗಡಿನ ಮಾಡಿನ ಮೇಲೆ ಬಿದ್ದು ಉರುಳಿತು. ಎಫ್ರಾಯಿನನಿಗೆ ಕಿವಿಯವರೆಗೆ ರಕ್ತ ಏರಿತು. ಅವನು ಪಾನಾ ಎತ್ತಿಕೊಂಡು, ಬಿಸಿ ಇಂಜಿನ್ನಿನ ಮೇಲೆ ಬಗ್ಗಿ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಬಾನೆಟ್ಟಿನ ಅಂಚಿನಲ್ಲಿ ಸಾಲಾಗಿ ಇಟ್ಟ. ನಾಲ್ಕೂ ಕರಿಯ ಮಖಮಲ್ಲು ಹೊದ್ದಂತಿದ್ದವು, ಎರಡು ಒದ್ದೆ. ಮುಟ್ಟಿದರೆ ಕೈಗೆ ಬಂದ ಮಸಿ ಸೋಪಿನಲ್ಲೂ ಹೋಗುವಂಥದಲ್ಲ. ಆಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದ. ಇಂಜಿನ್ನಿನ ಎಣ್ಣೆ ಬಳಸಿದಂತೆ ಕಡಿಮೆಯಾಗಬೇಕು. ಇಲ್ಲಿ ಗುರುತಿಗಿಂತ ಒಂದು ಬೆರಳು ಮೇಲೇರಿತ್ತು. ಪ್ರೊವಿ ತಿಂಡಿಯ ತಟ್ಟೆಯ ಕೆಳಗೆ ಇಟ್ಟಿದ್ದ ಕಾಗದದ ಕರವಸ್ತ್ರ ಎಳೆದುಕೊಂಡು ಅದರ ಮೇಲೆ ಒಂದು ಹನಿ ತೊಟ್ಟಿಕ್ಕಿಸಿದ. ನಡುವೆ ಕಪ್ಪು ಚುಕ್ಕೆ ನಿಂತಿತು. ಅದರ ಸುತ್ತ ತೆಳ್ಳನೆಯ ಹಳದಿ ಉಂಗುರವೊಂದು ಹರಡುತ್ತ ಹರಡುತ್ತ ಕಾಗದದ ಅಂಚು ಮುಟ್ಟಿತು.

“ಎಣ್ಣೆ ಇಷ್ಟು ದೂರ ಓಡಲ್ಲ. ಇದು ಪೆಟ್ರೋಲು,” ಎಂದ. “ಇದಕ್ಕೆ ಮೂಗು ಬೇಡ. ಕಣ್ಣು ಸಾಕು.”

ಸುಲೈಕಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ನೋಡಿ, ಮುಖ ಸಿಂಡರಿಸಿ, ಒಪ್ಪಿಕೊಂಡಳು. ಮೊಂಡುತನ ಅವಳ ಸ್ವಭಾವವಲ್ಲ. ಆದರೆ ಸೆನ್ಸರು ಹೋದ ವಾರವಷ್ಟೇ ತಾನು ಹಾಕಿದ್ದು, ಇನ್ನೊಂದು ಕಾರಿಗೆ ಕಟ್ಟಿ ಪರೀಕ್ಷಿಸಿಯೂ ಆಗಿದೆ, ಅದು ಸುಳ್ಳು ಹೇಳುತ್ತಿಲ್ಲ ಎಂದಳು. ಪ್ಲಗ್ಗು ಒದ್ದೆಯಾಗಿ ಕಿಡಿ ತಪ್ಪಿದಾಗ ಸುಡದ ಗಾಳಿ ಒಂದಿಷ್ಟು ಹೊರಗೆ ಬರುತ್ತದೆ, ನಿಜ. ಆದರೆ ಇಷ್ಟು ಬಾರದು. ಇಂಜಿನ್ನಿನಿಂದ ಹೊರಟ ಹೊಗೆಯಲ್ಲಿ ಪೆಟ್ರೋಲ್ ಹೆಚ್ಚು. ಸೆನ್ಸರಿಗೆ ಮುಟ್ಟುವಾಗ ಅದರಲ್ಲಿ ಗಾಳಿ ಹೆಚ್ಚು. ಹಾಗಾದರೆ ನಡುದಾರಿಯಲ್ಲಿ ಎಲ್ಲಿಯೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ. ಅದನ್ನು ಕಂಡ ಕಂಪ್ಯೂಟರು ಪೆಟ್ರೋಲ್ ಸುರಿಯುತ್ತಿದೆ. ಎಷ್ಟು ಸುರಿದರೂ ಗಾಳಿ ನಿಲ್ಲುವುದಿಲ್ಲ, ಆದ್ದರಿಂದ ಸುರಿಯುವುದೂ ನಿಲ್ಲುವುದಿಲ್ಲ.

ನಡುದಾರಿಯಲ್ಲಿ ಇದ್ದದ್ದು ಒಂದೇ. ಇಂಜಿನ್ನಿನಿಂದ ಟರ್ಬೊವರೆಗೆ ಹೊಗೆ ಒಯ್ಯುವ ನಾಲ್ಕು ಕವಲಿನ ಉಕ್ಕಿನ ಕೊಳವೆ. ಅದರ ಮೈತುಂಬ ಬೂದುಬಣ್ಣದ ನಾರಿನ ಪಟ್ಟಿ, ಮುರಿದ ಕೈಗೆ ಸುತ್ತಿದಂತೆ ಬಿಗಿಯಾಗಿ ಸುತ್ತಿತ್ತು.

ಮೂವರೂ ಅದನ್ನು ನೋಡಿದರು. ಮೂವರೂ ಬೇರೆ ಕಡೆ ನೋಡಿದರು.

“ಪಟ್ಟಿ ಬಿಚ್ಚಿ ನೋಡ್ಬೇಕು ಅಂತ ನಾನು ಮಾರ್ಚ್‌ನಲ್ಲೇ ಹೇಳಿದ್ದೆ,” ಎಂದಳು ಸುಲೈಕಾ, ಮೆಲ್ಲಗೆ.

“ನಾನೂ ಆವತ್ತೇ ಬೇಡ ಅಂದಿದ್ದೆ,” ಎಂದ ಬೇತೊ. “ಅದು ಕೊಂಪಾಯ್ ನನ್ನ ಅರವತ್ತನೇ ಹುಟ್ಟಿದಹಬ್ಬಕ್ಕೆ ಕೈಯಾರೆ ಮಾಡ್ಕೊಟ್ಟಿದ್ದು. ಕೊಟ್ಟವರ ಕೆಲಸ ಬಿಚ್ಚಿ ನೋಡೋ ಅಷ್ಟು ಮಾನಗೆಟ್ಟಿಲ್ಲ ನಾನು. ಬೇರೆ ಕಡೆ ಹುಡುಕಮ್ಮ.”

ಪ್ರೊವಿ ಒಳಗಿನಿಂದ ಮೂರು ಲೋಟ ಕಾಫಿ ತಂದು ಕೆಲಸದ ಮೇಜಿನ ಮೇಲೆ ಇಟ್ಟು ಹೋದಳು. ಎಫ್ರಾಯಿನನು ಒಂದನ್ನು ಎತ್ತಿಕೊಂಡು, ಕುಡಿಯುವವನಂತೆ, ಬೇಲಿಯ ಕಡೆ ನಡೆದ. ಅಲ್ಲಿ ನಿಂತು ಕಾಫಿಯನ್ನು ಹುಲ್ಲಿನ ಮೇಲೆ ಚೆಲ್ಲಿದ. ದಿನವೂ ಚೆಲ್ಲಿದ ಜಾಗದಲ್ಲಿ ಹುಲ್ಲು ಕಂದಿತ್ತು. ಅದನ್ನು ನೋಡಲೂ ಅಸಹ್ಯವಾಯಿತು.

ಆ ಕೊಳವೆಯಲ್ಲಿ ಏನಿದೆಯೆಂಬುದು ಅವನಿಗೆ ಗೊತ್ತಿತ್ತು. ಪಟ್ಟಿ ಸುತ್ತಿದವನೂ ಅವನೇ. ಯಾರಾದರೂ ಪಟ್ಟಿ ಸುತ್ತಿದ ಕೊಳವೆ ತಂದರೆ, ಶಾಖ ಉಳಿಸಲು ಸುತ್ತಿದ್ದೇವೆ ಎಂದರೆ, ಎಫ್ರಾಯಿನನು ವರ್ಷಗಟ್ಟಲೆ ನಕ್ಕಿದ್ದ. ಬೆಸುಗೆಗೆ ನಾಚಿದವನು ಸುತ್ತುತ್ತಾನೆ ಎಂದು ಎಲ್ಲರ ಎದುರು ಅಂದಿದ್ದ. ಜ್ವರ ಬಿಟ್ಟ ಮೂರನೆಯ ವಾರ, ಬೇತೊನ ಹುಟ್ಟುಹಬ್ಬದ ಹಿಂದಿನ ದಿನ ಶನಿವಾರ, ಆ ಕೊಳವೆಯನ್ನು ಬೆಸೆದಿದ್ದ. ಅಂಥ ಉಕ್ಕನ್ನು ಬೆಸೆಯುವಾಗ ಕೊಳವೆಯ ಒಳಗೂ ಆರ್ಗಾನ್ ಅನಿಲ ತುಂಬಿಸಿರಬೇಕು. ಇಲ್ಲದಿದ್ದರೆ ಬೆಸುಗೆಯ ಒಳಮೈ ಸುಟ್ಟು, ಒಣಗಿದ ಗಾಯದ ಹಕ್ಕಳೆಯಂತಾಗುತ್ತದೆ. ಆ ದಿನ ಸಿಲಿಂಡರಿನಲ್ಲಿ ಅನಿಲ ಸಾಲಲಿಲ್ಲ, ಅಂಗಡಿ ಮುಚ್ಚಿತ್ತು. ಸೋಮವಾರದವರೆಗೆ ಕಾಯಬಹುದಿತ್ತು. ಮಾತು ಕೊಟ್ಟಿದ್ದೇನೆ ಎಂಬ ಜಂಬ ಕಾಯಗೊಡಲಿಲ್ಲ. ಬೆಸೆದ. ಬೆಸುಗೆಯನ್ನು ನೋಡಿದ. ಪಟ್ಟಿ ತಂದು ಸುತ್ತಿದ. ಮರುದಿನ ಬೇತೊ ಅದನ್ನು ಮಗುವಿನಂತೆ ಎತ್ತಿ ಎಲ್ಲರಿಗೂ ತೋರಿಸಿದಾಗ ಇವನೂ ನಗುತ್ತ ಪಕ್ಕದಲ್ಲಿ ನಿಂತಿದ್ದ.

ಈಗಲೂ ದಾರಿಯಿತ್ತು. ಸೆನ್ಸರಿನ ಮೇಲೆ ಹಾಕಬಹುದು. ಕಂಪ್ಯೂಟರಿನ ಮೇಲೆ ಹಾಕಬಹುದು. ಬೇತೊ ನಂಬುತ್ತಾನೆ; ನಂಬದಿದ್ದರೂ ಬಾಯಿ ಬಿಡುವುದಿಲ್ಲ. ನಾಳೆ ಆ ಇಂಜಿನ್ನು ಸಲೀನಾಸಿನಲ್ಲಿ ಸತ್ತರೆ ತಪ್ಪು ಸುಲೈಕಾಳ ಲ್ಯಾಪ್‌ಟಾಪಿನದಾಗುತ್ತದೆ. ಪೆಟ್ರೋಲ್ ಹೆಚ್ಚು ಎಂದ ತನ್ನ ಮಾತು ಸರಿ ಎಂದು ಪೂರ್ತಿ ಸಾಬೀತಾಗಬೇಕಾದರೆ ಆ ಪಟ್ಟಿ ಬಿಚ್ಚಬೇಕು. ಪಟ್ಟಿ ಬಿಚ್ಚಿದರೆ ತನ್ನ ನಲವತ್ತು ವರ್ಷದ ಹೆಸರು ನೆಲಕ್ಕೆ ಬೀಳುತ್ತದೆ.

ಖಾಲಿ ಲೋಟದ ತಳದಿಂದ ಇನ್ನೂ ನಾತ ಬರುತ್ತಿತ್ತು. ಎಷ್ಟು ದಿನ ಹೀಗೆ ಬೇಲಿಯ ಹತ್ತಿರ ಬಂದು ಚೆಲ್ಲುವುದು, ಎಂದುಕೊಂಡ.

ಹಿಂತಿರುಗಿ ಬಂದವನು ಚಾಕು ತೆಗೆದುಕೊಂಡ. ಬೇತೊ ಅಡ್ಡ ಬಂದ.

“ಬೇಡ ಕೊಂಪಾಯ್. ನೀವು ಹೇಳಿ, ಸೆನ್ಸರ್ ಬದಲಾಯಿಸ್ತೀನಿ.”

“ದೂರ ನಿಲ್ಲಿ. ಈ ನಾರು ಮೈಗೆ ಹತ್ತಿದ್ರೆ ಕೆರೀತದೆ.”

ಪಟ್ಟಿ ಶಾಖಕ್ಕೆ ಗಟ್ಟಿಯಾಗಿತ್ತು. ಕೊಯ್ದಂತೆಲ್ಲ ಹೊಲಸು ಧೂಳು ಉದುರಿತು. ಮೂರು ಸುತ್ತು ಬಿಚ್ಚುವಷ್ಟರಲ್ಲಿ ಒಳಮೈಯಲ್ಲಿ ಕಪ್ಪು ಕಲೆ ಕಾಣಿಸಿತು, ಹುಣ್ಣಿನ ಮೇಲಿಂದ ತೆಗೆದ ಬಟ್ಟೆಯಲ್ಲಿ ಕೀವಿನ ಗುರುತಿರುವ ಹಾಗೆ. ಪ್ಲಗ್ಗುಗಳನ್ನು ಮತ್ತೆ ಕೂರಿಸಿ, ಇಂಜಿನ್ನು ಆರುವ ತನಕ ಮೂವರೂ ಕಾದರು. ಬಳಿಕ ಎಫ್ರಾಯಿನನು ಎಲೆ ಊದುವ ಯಂತ್ರದ ಮೂತಿಯನ್ನು ಸೈಲೆನ್ಸರಿನ ಬಾಯಿಗೆ ಇಟ್ಟು, ಸುತ್ತ ಬಟ್ಟೆ ತುರುಕಿ, ಅದನ್ನು ಹಿಡಿದುಕೊಳ್ಳಲು ಬೇತೊನಿಗೆ ಹೇಳಿದ. ಯಂತ್ರ ಗಾಳಿ ಊದುತ್ತಿರುವಾಗ, ಸೋರುವ ಜಾಗ ಹುಡುಕಲು ಸೋಪಿನ ನೀರನ್ನು ಕೊಳವೆಯ ಮೇಲೆ ಸುರಿದ. ಮೂರು ಕವಲು ಸುಮ್ಮನಿದ್ದವು. ನಾಲ್ಕನೆಯದರ ಬುಡದಲ್ಲಿ, ಬೆಸುಗೆಯ ಗುಂಟ, ಬೆರಳುದ್ದಕ್ಕೆ ನೊರೆ ಉಕ್ಕಿ ಉಕ್ಕಿ ಬಂತು. ಹುಚ್ಚುನಾಯಿಯ ಬಾಯಿಂದ ಬರುವಂಥ ನೊರೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಎಲ್ಲ ಕೊಳವೆಗಳೂ ಒಂದು ದಿನ ಬಿರುಕು ಬಿಡುತ್ತವೆ. ಬೇತೊ ಆಗಲೇ ಹಾಗೆ ಹೇಳತೊಡಗಿದ್ದ. ಶಾಖ, ಅಲುಗಾಟ, ನಮ್ಮ ಹೊಂಡಗಳ ರಸ್ತೆ ಎನ್ನುತ್ತಿದ್ದ. ಎಫ್ರಾಯಿನನು ಕೊಳವೆಯನ್ನು ಪೂರ್ತಿ ಬಿಚ್ಚಿ, ಕೆಲಸದ ಮೇಜಿನ ವೈಸಿಗೆ ಸಿಕ್ಕಿಸಿ, ನಾಲ್ಕನೆಯ ಕವಲನ್ನು ಕತ್ತರಿಸಿದ. ಕತ್ತರಿಸಿದ ತುಂಡನ್ನು ಬೇತೊನ ಅಂಗೈಯಲ್ಲಿಟ್ಟು, ಒಳಗೆ ನೋಡಲು ಹೇಳಿದ. ಒಳಗೆ ಬೆಸುಗೆ ಕರಿಬೂದು ಬಣ್ಣದ ಹಕ್ಕಳೆಯಾಗಿ ನಿಂತಿತ್ತು. ಬೆರಳಿನಿಂದ ಮುಟ್ಟಿದರೆ ಪುಡಿ ಉದುರಿತು.

“ಇದು ರಸ್ತೆ ಮಾಡಿದ್ದಲ್ಲ, ನಾನು ಮಾಡಿದ್ದು. ಒಳಗೆ ಗ್ಯಾಸ್ ಬಿಡದೆ ಬೆಸೆದೆ. ಕೆಟ್ಟದಾಗಿದೆ ಅಂತ ಆವತ್ತೇ ಗೊತ್ತಿತ್ತು. ಗೊತ್ತಿದ್ದೇ ಪಟ್ಟಿ ಸುತ್ತಿದೆ.” ಅವನು ಸುಲೈಕಾಳ ಕಡೆ ತಿರುಗಿದ. “ಮೂಗಿನ ವಿಷ್ಯಾನೂ ನೀನು ಹೇಳಿದ್ದೇ ಸರಿ ಮಗಳೇ. ನಂಗೆ ಕಾಫಿ, ಹಂದಿ, ಹೊಗೆ ಎಲ್ಲ ಒಂದೇ ನಾತ. ಬೆಳಿಗ್ಗೆ ಬಗ್ಗಿ ಮೂಸಿದ್ನಲ್ಲ, ಅದು ಬರೀ ನಾಟಕ. ಬಂಪರ್ ಮೇಲಿನ ಮಸಿ ನೋಡಿ ಹೇಳ್ದೆ.”

ಬೇತೊ ತುಂಡನ್ನು ಒಮ್ಮೆ ಬೆಳಕಿಗೆ ಹಿಡಿದ, ಇನ್ನೊಮ್ಮೆ ಹಿಡಿದ. ಅವನ ಮುಖದಲ್ಲಿ ಹೇಸಿಗೆ ಸ್ಪಷ್ಟವಾಗಿ ಕಾಣುತ್ತಿತ್ತು; ಅದನ್ನು ಅಡಗಿಸಲು ಅವನು ಪ್ರಯತ್ನಿಸಲಿಲ್ಲ. ಅದನ್ನು ನೋಡುವುದು ಎಫ್ರಾಯಿನನಿಗೆ ಕಷ್ಟವಾದರೂ, ಕೊಂಪಾಯ್‌ಗಳ ನಡುವಿನ ಆ ಸಿಹಿ ಮಾತಿಗಿಂತ ಇದೇ ವಾಸಿ ಎನ್ನಿಸಿತು.

“ಒಂದು ವರ್ಷದಿಂದ ಟರ್ಬೊ ತಡವಾಗಿ ಏಳ್ತಿತ್ತು,” ಎಂದ ಬೇತೊ ಕೊನೆಗೆ. “ಈ ಕೊಳವೆ ಹಾಕಿದ ದಿನದಿಂದ. ನಂಗೆ ಗೊತ್ತಿತ್ತು. ಕೊಂಪಾಯ್‌ಗೆ ಹೇಗೆ ಹೇಳೋದು ಅಂತ ಬಾಯಿ ಮುಚ್ಕೊಂಡಿದ್ದೆ.” ತುಂಡನ್ನು ಮೇಜಿನ ಮೇಲೆ ಕುಕ್ಕಿದ. “ಎಂಥಾ ಹೊಲಸು ಕೆಲ್ಸ ಮಾಡಿದ್ಯೋ ಎಫ್ರಾಯಿನ್.”

ಇಪ್ಪತ್ತಾರು ವರ್ಷಗಳ ಮೇಲೆ ಮೊದಲ ಸಲ ಅವನ ಬಾಯಿಂದ ಏಕವಚನ ಬಂದಿತ್ತು.

“ಹೌದು ಕಣೋ,” ಎಂದ ಎಫ್ರಾಯಿನ್.

ಆಗ ಮಧ್ಯಾಹ್ನ ಒಂದು ಗಂಟೆ. ಅನಿಲದ ಸಿಲಿಂಡರು ಅರ್ಧವಿತ್ತು. ಹೊರಗಿನ ಬೆಸುಗೆಗೆ ಸಾಕು, ಒಳಗೆ ತುಂಬಿಸಲು ಸಾಲದು. ಅಂಗಡಿ ಶನಿವಾರ ಹನ್ನೆರಡಕ್ಕೇ ಮುಚ್ಚುತ್ತದೆ. ನಾಳೆಯ ಓಟವೊಂದಕ್ಕೆ ಹೇಗಾದರೂ ಹಚ್ಚಿ ಕೊಡಲು ಆಗುವುದಿಲ್ಲವೇ, ಸೋಮವಾರ ಮತ್ತೆ ಬಿಚ್ಚೋಣ ಎಂದು ಬೇತೊ ಕೇಳಿದ. ಸಲೀನಾಸಿಗೆ ಹೆಸರು ಕೊಟ್ಟವನು ಕೇಳದೆ ಇರುತ್ತಾನೆಯೇ. ಎಫ್ರಾಯಿನನು ಆಗುವುದಿಲ್ಲ ಎಂದ. ಬೇತೊ ಓಟದವರಿಗೆ ಫೋನ್ ಮಾಡಿ ಹೆಸರು ಹಿಂತೆಗೆದುಕೊಂಡ. ಪ್ರೊವಿ ಹಸಿ ತೊಗರಿಕಾಳಿನ ಅನ್ನಕ್ಕೆ ಕರೆದಳು. ಬೇತೊ ಹಸಿವಿಲ್ಲವೆಂದು ನಡೆದೇ ಮನೆಗೆ ಹೋದ. ಅವನು ಆ ಮನೆಯ ಊಟ ಬಿಟ್ಟು ಹೋದದ್ದು ಅದೇ ಮೊದಲು.

ಸೋಮವಾರ ಸಂಜೆ ಬೇತೊ ಬಸ್ಸು ನಿಲ್ಲಿಸಿ ಬಂದ. ಹೊಸದಾಗಿ ಅನಿಲ ತಂದು ಬೆಸೆದ ಕೊಳವೆ ಸಿದ್ಧವಾಗಿತ್ತು, ಪಟ್ಟಿಯಿಲ್ಲದೆ ಬರಿ ಮೈಯಲ್ಲಿ, ಬೆಸುಗೆಯ ಒಂದೊಂದು ಅಲೆಯೂ ಕಾಣುವಂತೆ. ಬೇತೊ ಕೂರಿಸುವ ಮೊದಲು ಟಾರ್ಚ್ ಹಾಕಿ ನಾಲ್ಕು ಕವಲಿನ ಒಳಗೂ ನೋಡಿದ. ಎಫ್ರಾಯಿನನ ಎದುರಿಗೇ ನೋಡಿದ. ಹೊಸ ಎಣ್ಣೆ, ಹೊಸ ಪ್ಲಗ್ಗು ಹಾಕಿದ ಮೇಲೆ ಸುಲೈಕಾ ಹೆಚ್ಚುವರಿ ಪೆಟ್ರೋಲನ್ನೆಲ್ಲ ತೆಗೆದುಹಾಕಿ ಇಂಜಿನ್ ಚಾಲೂ ಮಾಡಿದಳು. ಪರದೆಯ ಅಂಕಿ ಸ್ವಲ್ಪ ಅಲುಗಿ, ಸರಿಯಾದ ಜಾಗದಲ್ಲಿ ನಿಂತಿತು. ಇಂಜಿನ್ನು ನರಳಲಿಲ್ಲ.

ರೂಢಿಯಂತೆ ಎಫ್ರಾಯಿನನು ಸೈಲೆನ್ಸರಿನ ಬಾಯಿಗೆ ಬಗ್ಗಿದ. ಸತ್ತ ಇಲಿಯ ನಾತ, ಶನಿವಾರ ಬಂದದ್ದೇ, ಒಂದಿಷ್ಟೂ ಕಡಿಮೆಯಿಲ್ಲ. ಅವನು ಎದ್ದು, ಪಕ್ಕಕ್ಕೆ ಸರಿದು, ಸುಲೈಕಾಳಿಗೆ ಜಾಗ ಬಿಟ್ಟ.

“ನೀನು ಮೂಸು,” ಎಂದ. “ಏನು ಬರ್ತದೆ ಹೇಳು.”

ಅವಳು ಬಗ್ಗಿದಳು, ಕಣ್ಣು ಮುಚ್ಚಿದಳು.

“ಬಿಸಿ ನೀರಿನ ಹಬೆ ಥರ ಮಾಮ. ಸ್ವಲ್ಪ ಇಸ್ತ್ರಿ ಮಾಡಿದ ಬಟ್ಟೆ ಥರ. ಕಣ್ಣು ಉರಿಯಲ್ಲ.”

“ಹಾಗಿದ್ರೆ ಸರಿಯಾಗಿದೆ,” ಎಂದ ಎಫ್ರಾಯಿನ್. ಆಮೇಲೆ ಬಾಯಲ್ಲಿ ತುಂಬಿದ ನೀರನ್ನು ಉಗುಳಲು ಬೇಲಿಯ ಕಡೆ ಹೋದ.